ಪಟ್ಟಿಯನ್ನು ಬರಿದು ಮಾಡುವ ಬಗೆ

ಲೋಲಕದ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿ ಇರಲಾರನು. ಒಂದು ಮೀಟರು ಉದ್ದದ ದಾರ, ಅದರ ತುದಿಯಲ್ಲಿ ಒಂದು ಹಿತ್ತಾಳೆಯ ಗುಂಡು. ಅದು ಒಮ್ಮೆ ಹೋಗಿ ಬರುವುದಕ್ಕೆ ಹಿಡಿಯುವ ಕಾಲವನ್ನು ಅಳೆದರೆ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬಹುದು. ನಾನು ವಿದ್ಯಾರ್ಥಿಯಾಗಿದ್ದಾಗ ವಿರಾಮ ಗಡಿಯಾರವನ್ನು ಹಿಡಿದು ತೂಗಾಟಗಳನ್ನು ಎಣಿಸುತ್ತ ಕೂರುತ್ತಿದ್ದೆನು. ಈಗ ನಮ್ಮ ಪ್ರಯೋಗಶಾಲೆಯಲ್ಲಿ ಗುಂಡು ಬೆಳಕಿನ ಒಂದು ಸಣ್ಣ ಕಿರಣವನ್ನು ಕತ್ತರಿಸುತ್ತ ತೂಗುತ್ತದೆ; ಪಕ್ಕದಲ್ಲಿರುವ ಗಣಕಯಂತ್ರ ಪ್ರತಿಯೊಂದು ಆವರ್ತಕಾಲವನ್ನೂ ತಾನೇ ಬರೆದುಕೊಳ್ಳುತ್ತದೆ. ಗುಂಡು ಕಿರಣವನ್ನು ತಪ್ಪಿಸಿ ಹೋದರೆ ಆ ಸಲದ ಲೆಕ್ಕಕ್ಕೆ ಸೊನ್ನೆಯನ್ನು ಬರೆಯುತ್ತದೆ. ಆ ಸೊನ್ನೆಗಳನ್ನು ತೆಗೆದುಹಾಕಿ, ಉಳಿದವುಗಳ ಸರಾಸರಿಯನ್ನು ಕಂಡುಹಿಡಿದು, ಗುರುತ್ವ ವೇಗೋತ್ಕರ್ಷವನ್ನು ತೋರಿಸುವ ಒಂದು ಕ್ರಮವಿಧಿಯನ್ನು ಪೈಥಾನ್ ಭಾಷೆಯಲ್ಲಿ ನಾನೇ ಬರೆದಿದ್ದೆನು. ವರ್ಷವೆಲ್ಲ ಅದು ಚೆನ್ನಾಗಿ ನಡೆಯಿತು. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇದ್ದಿತು.

ಪರೀಕ್ಷೆ ಹತ್ತಿರ ಬಂದ ದಿನಗಳಲ್ಲಿ ಒಬ್ಬ ಹುಡುಗನು ತನ್ನ ದಾಖಲೆ ಪುಸ್ತಕವನ್ನು ತಂದು ತೋರಿಸಿದನು. ಅವನ ಉತ್ತರ 10.82. ನಮ್ಮ ಕಡೆ ಬರಬೇಕಾದದ್ದು 9.78ರ ಆಸುಪಾಸು. ದಾರವನ್ನು ಸರಿಯಾಗಿ ಅಳೆದಿಲ್ಲವೆಂದು ಗದರಿಸಿದೆನು. “ಸಾರ್, ಮೂರು ಸಲ ಅಳೆದಿದ್ದೇನೆ” ಎಂದನು. “ಹಾಗಾದರೆ ನಾಲ್ಕನೆಯ ಸಲ ಅಳೆ” ಎಂದು ಹೇಳಿ ಪುಸ್ತಕಕ್ಕೆ ಸಹಿ ಹಾಕದೆ ಹಿಂದಿರುಗಿಸಿದೆನು. ಅವನು ಮಾತನಾಡದೆ ಹೋದನು. ಸಂಜೆ ಏಕೋ ಮನಸ್ಸು ತಡೆಯದೆ ಯಂತ್ರದಲ್ಲಿ ಅವನ ಅಳತೆಗಳನ್ನು ತೆರೆದು ನೋಡಿದೆನು. ಒಟ್ಟು ಇಪ್ಪತ್ತೊಂದು ಅಳತೆಗಳು. ಅವುಗಳಲ್ಲಿ ಎರಡು ಸೊನ್ನೆಗಳು, ಅದೂ ಅಕ್ಕಪಕ್ಕದಲ್ಲಿ. ನನ್ನ ಕ್ರಮವಿಧಿ ಅವುಗಳಲ್ಲಿ ಒಂದನ್ನು ಮಾತ್ರ ತೆಗೆದು ಇನ್ನೊಂದನ್ನು ಬಿಟ್ಟಿದ್ದಿತು! ಹತ್ತೊಂಬತ್ತು ಒಳ್ಳೆಯ ಅಳತೆಗಳ ಸರಾಸರಿ 2.01 ಸೆಕೆಂಡು. ಅವುಗಳ ಜೊತೆಗೆ ಒಂದು ಸೊನ್ನೆ ಸೇರಿ ಇಪ್ಪತ್ತರಿಂದ ಭಾಗಿಸಿದಾಗ ಅದು 1.91ಕ್ಕೆ ಇಳಿಯಿತು. ಆವರ್ತಕಾಲದ ವರ್ಗದಿಂದ ಭಾಗಿಸುವ ಲೆಕ್ಕವಾದ್ದರಿಂದ ಈ ಸಣ್ಣ ವ್ಯತ್ಯಾಸವೇ ಉತ್ತರವನ್ನು 9.77ರಿಂದ 10.82ಕ್ಕೆ ಏರಿಸಿದ್ದಿತು. ತಪ್ಪು ಹುಡುಗನದಲ್ಲ, ನನ್ನದು.

ತಪ್ಪು ಎಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಪೈಥಾನಿನಲ್ಲಿ ಪಟ್ಟಿ ಎಂದರೇನೆಂಬುದನ್ನು ಸ್ವಲ್ಪ ನೋಡಬೇಕು. ಈ ಭಾಷೆಯನ್ನು ಗೀಡೋ ವಾನ್ ರಾಸಮ್ ಎಂಬ ಡಚ್ ಕ್ರಮವಿಧಿ ತಜ್ಞರು 1989ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡಾಮಿನ ಒಂದು ಸಂಶೋಧನ ಕೇಂದ್ರದಲ್ಲಿದ್ದಾಗ ರಚಿಸತೊಡಗಿದರು. 1991ರಲ್ಲಿ ಅದು ಹೊರಬಂದಿತು. ಹೆಬ್ಬಾವಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ‘ಮಾಂಟಿ ಪೈಥಾನ್’ ಎಂಬ ದೂರದರ್ಶನದ ಹಾಸ್ಯ ಕಾರ್ಯಕ್ರಮದ ನೆನಪಿಗಾಗಿ ಇಟ್ಟ ಹೆಸರದು. ಭಾಷೆಯ ಆಜ್ಞೆಗಳನ್ನು ಯಂತ್ರದ ಮುಂದೆ ಕುಳಿತಾಗ ರೋಮನ್ ಲಿಪಿಯಲ್ಲಿಯೇ ಬರೆಯಬೇಕು. ಇಲ್ಲಿ ಮಾತ್ರ ಓದುವ ಅನುಕೂಲಕ್ಕಾಗಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ. ಆದರೆ ಪಟ್ಟಿಗೆ ನಾವಿಡುವ ಹೆಸರು ಕನ್ನಡ ಲಿಪಿಯಲ್ಲಿದ್ದರೂ ಪೈಥಾನಿನ ಮೂರನೆಯ ಆವೃತ್ತಿ ಅದನ್ನು ಒಪ್ಪಿಕೊಳ್ಳುತ್ತದೆ. ‘ಅಳತೆಗಳು’ ಎಂದು ಹೆಸರಿಟ್ಟು ನೋಡಿ.

ಪಟ್ಟಿ ಎಂಬುದು ಯಂತ್ರದ ಸ್ಮೃತಿಯಲ್ಲಿ ಒಂದರ ಪಕ್ಕದಲ್ಲೊಂದು ಇರುವ ಗೂಡುಗಳ ಸಾಲು. ಮೊದಲನೆಯ ಗೂಡಿನ ಸಂಖ್ಯೆ 0, ಎರಡನೆಯದು 1, ಹೀಗೆ. ಗೂಡಿನೊಳಗೆ ಇರುವುದು ವಸ್ತುವಲ್ಲ, ವಸ್ತು ಎಲ್ಲಿದೆ ಎಂಬುದರ ವಿಳಾಸ. ಈಗಿನ ಸಾಮಾನ್ಯ ಯಂತ್ರಗಳಲ್ಲಿ ಒಂದು ವಿಳಾಸಕ್ಕೆ ಎಂಟು ಬೈಟುಗಳು. ಗೂಡುಗಳೆಲ್ಲ ಒಂದೇ ಅಳತೆಯವಾಗಿ ಒತ್ತಾಗಿರುವುದರಿಂದ ಐನೂರನೆಯ ಗೂಡು ಎಲ್ಲಿದೆ ಎಂಬುದನ್ನು ಒಂದು ಗುಣಾಕಾರದಿಂದಲೇ ತಿಳಿಯಬಹುದು. ಮೊದಲಿನಿಂದ ಎಣಿಸಿಕೊಂಡು ಹೋಗಬೇಕಾಗಿಲ್ಲ. ಇದು ಪಟ್ಟಿಯ ದೊಡ್ಡ ಗುಣ. ಆದರೆ ಈ ಗುಣಕ್ಕಾಗಿ ಒಂದು ಬೆಲೆಯನ್ನು ತೆರಬೇಕು: ನಡುವೆ ಒಂದು ಗೂಡು ಖಾಲಿಯಾದರೆ ಅದನ್ನು ಹಾಗೆಯೇ ಬಿಡುವಂತಿಲ್ಲ, ಬಲಗಡೆಯ ಎಲ್ಲವೂ ಒಂದೊಂದು ಗೂಡು ಎಡಕ್ಕೆ ಸರಿಯಬೇಕು.

ನಾನು ಬರೆದಿದ್ದ ಮೂರು ಸಾಲುಗಳು ಇವು:

ಫಾರ್ ಕಾಲ ಇನ್ ಅಳತೆಗಳು:
    ಇಫ್ ಕಾಲ == 0:
        ಅಳತೆಗಳು.ರಿಮೂವ್(ಕಾಲ)

ಎಂದರೆ, ಅಳತೆಗಳನ್ನು ಒಂದೊಂದಾಗಿ ನೋಡು. ಸೊನ್ನೆಯಾಗಿದ್ದರೆ ಪಟ್ಟಿಯಿಂದ ತೆಗೆದುಹಾಕು. ಓದುವುದಕ್ಕೆ ಎಷ್ಟು ಸಹಜವಾಗಿದೆ! ಈಗ ಪಟ್ಟಿಯಲ್ಲಿ 2.01, 2.00, 0, 0, 2.02 ಎಂಬ ಐದು ಅಳತೆಗಳಿವೆ ಎಂದುಕೊಳ್ಳೋಣ. ಯಂತ್ರ ತಾನು ಎಷ್ಟನೆಯ ಗೂಡನ್ನು ನೋಡುತ್ತಿದ್ದೇನೆ ಎಂಬ ಸಂಖ್ಯೆಯೊಂದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಮುಂದುವರಿಯುತ್ತದೆ. 0ನೆಯ ಗೂಡು, 1ನೆಯ ಗೂಡು ಸರಿಯಾಗಿವೆ. 2ನೆಯ ಗೂಡಿನಲ್ಲಿ ಸೊನ್ನೆ ಸಿಕ್ಕಿತು, ತೆಗೆದುಹಾಕಿತು. ಆ ಕ್ಷಣವೇ ಬಲಗಡೆಯವು ಸರಿದು, ಎರಡನೆಯ ಸೊನ್ನೆ 3ನೆಯ ಗೂಡಿನಿಂದ 2ನೆಯ ಗೂಡಿಗೆ ಬಂದು ಕುಳಿತಿತು. ಯಂತ್ರವೋ 2ನೆಯ ಗೂಡಿನ ಕೆಲಸ ಮುಗಿಯಿತೆಂದು 3ನೆಯ ಗೂಡಿಗೆ ಹೋಯಿತು. ಅಲ್ಲಿರುವುದು 2.02. ಹೀಗೆ ಎರಡನೆಯ ಸೊನ್ನೆ ಕಣ್ಣಿಗೆ ಬೀಳದೆ ಉಳಿಯಿತು.

ವರ್ಷವೆಲ್ಲ ಈ ತಪ್ಪು ಏಕೆ ಗೊತ್ತಾಗಲಿಲ್ಲ? ಸೊನ್ನೆ ಒಂಟಿಯಾಗಿದ್ದರೆ ಅದರ ಮುಂದಿನ ಅಳತೆ ತಪಾಸಣೆಯಿಂದ ತಪ್ಪಿಸಿಕೊಳ್ಳುತ್ತದೆ, ಆದರೆ ಅದು ಒಳ್ಳೆಯ ಅಳತೆಯೇ ಆಗಿರುವುದರಿಂದ ಹಾನಿಯಿಲ್ಲ. ಸೊನ್ನೆಗಳು ಜೋಡಿಯಾಗಿ ಬಂದಾಗಲೇ ದೋಷ ಹೊರಬೀಳುವುದು. ಮೂರು ಒಟ್ಟಿಗೆ ಬಂದರೆ ಒಂದು ಉಳಿಯುತ್ತದೆ, ನಾಲ್ಕು ಬಂದರೆ ಎರಡು. ಆ ಹುಡುಗನ ಲೋಲಕ ನೆಟ್ಟಗೆ ತೂಗದೆ ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿ, ಒಂದರ ಹಿಂದೆ ಒಂದರಂತೆ ಎರಡು ಸಲ ಕಿರಣವನ್ನು ತಪ್ಪಿಸಿಕೊಂಡಿದ್ದಿತು. ದಾರವನ್ನು ಅವನು ನಾಲ್ಕಲ್ಲ, ನಲವತ್ತು ಸಲ ಅಳೆದಿದ್ದರೂ ಪ್ರಯೋಜನವಿರಲಿಲ್ಲ.

ಇದಕ್ಕೆ ಪರಿಹಾರವನ್ನು ನಮ್ಮ ಮನೆಗಳಲ್ಲಿಯೇ ನೋಡಬಹುದು. ಅಕ್ಕಿಯಲ್ಲಿ ಕಲ್ಲು ಹೆಚ್ಚಾಗಿದ್ದರೆ ಅಜ್ಜಿ ಏನು ಮಾಡುತ್ತಾಳೆ? ಕಲ್ಲನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತ ಕೂರುವುದಿಲ್ಲ. ಒಂದು ಕಡೆಯಿಂದ ನೋಡುತ್ತ ಒಳ್ಳೆಯ ಅಕ್ಕಿಯನ್ನು ಇನ್ನೊಂದು ತಟ್ಟೆಗೆ ಸರಿಸಿಕೊಂಡು ಹೋಗುತ್ತಾಳೆ. ಪೈಥಾನಿನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆಯಬಹುದು:

ಅಳತೆಗಳು = [ಕಾಲ ಫಾರ್ ಕಾಲ ಇನ್ ಅಳತೆಗಳು ಇಫ್ ಕಾಲ > 0]

ಹಳೆಯ ಪಟ್ಟಿಯ ಪ್ರತಿಯೊಂದು ಅಳತೆಯನ್ನೂ ನೋಡಿ, ಸೊನ್ನೆಗಿಂತ ಹೆಚ್ಚಿರುವುದನ್ನು ಮಾತ್ರ ಸೇರಿಸಿ ಹೊಸ ಪಟ್ಟಿಯನ್ನು ಕಟ್ಟು ಎಂಬುದು ಇದರ ಅರ್ಥ. 2000ದಲ್ಲಿ ಹೊರಬಂದ ಎರಡನೆಯ ಆವೃತ್ತಿಯಿಂದ ಈ ಬಗೆಯ ಬರವಣಿಗೆ ಪೈಥಾನಿನಲ್ಲಿದೆ. ಹಳೆಯ ಪಟ್ಟಿ ಓದುವಾಗ ಕದಲುವುದಿಲ್ಲವಾದ್ದರಿಂದ ಯಾವ ಅಳತೆಯೂ ತಪ್ಪಿಸಿಕೊಳ್ಳುವುದಿಲ್ಲ. ಬಲದಿಂದ ಎಡಕ್ಕೆ ನೋಡುತ್ತ ಬಂದು ಅಳಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ; ಸರಿಯುವ ಗೂಡುಗಳೆಲ್ಲ ಆಗಲೇ ನೋಡಿ ಮುಗಿದವು. ಆದರೆ ಅದು ನಿಧಾನವಾದ ಹಾದಿ. ಏಕೆಂಬುದು ಈಗ ಹೇಳಲಿರುವ ಲೆಕ್ಕದಿಂದ ತಿಳಿಯುತ್ತದೆ.

ಸೆಕೆಂಡಿಗೆ ಒಂದು ಸಲ ಉಷ್ಣತೆಯನ್ನು ಬರೆದಿಡುವ ಉಪಕರಣವೊಂದಿದೆ ಎಂದುಕೊಳ್ಳಿ. ಒಂದು ದಿನಕ್ಕೆ 86,400 ಅಳತೆಗಳು. ದಿನದ ಕೊನೆಯಲ್ಲಿ ಪಟ್ಟಿಯನ್ನು ಖಾಲಿ ಮಾಡಬೇಕು. ಹೊಸಬನೊಬ್ಬನು, ಮೊದಲು ಬಂದದ್ದು ಮೊದಲು ಹೋಗಲಿ ಎಂಬ ನ್ಯಾಯದಿಂದ, 0ನೆಯ ಗೂಡಿನಲ್ಲಿರುವುದನ್ನು ತೆಗೆಯುತ್ತ ಹೋಗುತ್ತಾನೆ. ಇದಕ್ಕೆ ‘ಪಾಪ್(0)’ ಎಂಬ ಆಜ್ಞೆ ಇದೆ. ನ್ಯಾಯಬೆಲೆ ಅಂಗಡಿಯ ಸಾಲನ್ನು ನೆನೆಯಿರಿ. ಮುಂದಿನವನು ಸಕ್ಕರೆಯನ್ನು ಪಡೆದು ಹೊರಟೊಡನೆ ಹಿಂದಿರುವ ಪ್ರತಿಯೊಬ್ಬನೂ ಒಂದು ಹೆಜ್ಜೆ ಮುಂದಿಡಬೇಕು. ಸಾಲಿನಲ್ಲಿ ಐದು ಜನರಿದ್ದರೆ ಒಟ್ಟು ಹೆಜ್ಜೆಗಳು 4, 3, 2, 1 ಸೇರಿ 10. ಜನ 86,400 ಇದ್ದರೆ? 86,399ರಿಂದ ಒಂದರವರೆಗಿನ ಎಲ್ಲ ಸಂಖ್ಯೆಗಳ ಮೊತ್ತ. ಅದನ್ನು ಕೂಡಿಸುವ ಸೂತ್ರ ಪ್ರೌಢಶಾಲೆಯ ವಿದ್ಯಾರ್ಥಿಗೂ ಗೊತ್ತು: 86,400ನ್ನು 86,399ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 3,73,24,36,800. ಮುನ್ನೂರ ಎಪ್ಪತ್ತಮೂರು ಕೋಟಿಗೂ ಹೆಚ್ಚು ಸರಿತಗಳು, ಅದೂ ಎಸೆಯಬೇಕಾದ ವಸ್ತುಗಳನ್ನು ಎಸೆಯುವುದಕ್ಕಾಗಿ!

ಅದೇ ಪಟ್ಟಿಯನ್ನು ಬಾಲದ ಕಡೆಯಿಂದ ಖಾಲಿ ಮಾಡಿದರೆ ಯಾರೂ ಕದಲಬೇಕಾಗಿಲ್ಲ. ಆವರಣದಲ್ಲಿ ಸಂಖ್ಯೆಯನ್ನು ಕೊಡದೆ ಬರಿಯ ‘ಪಾಪ್()’ ಎಂದರೆ ಯಂತ್ರ ಕೊನೆಯದನ್ನೇ ತೆಗೆಯುತ್ತದೆ. 86,400 ಕೆಲಸಗಳಲ್ಲಿ ಪಟ್ಟಿ ಬರಿದು. ಒಂದೊಂದನ್ನೂ ತೆಗೆದು ನೋಡುವ ಅಗತ್ಯವಿಲ್ಲದಿದ್ದರೆ ‘ಅಳತೆಗಳು.ಕ್ಲಿಯರ್()’ ಎಂಬ ಒಂದೇ ಆಜ್ಞೆ ಸಾಕು. ಇದು 2012ರಲ್ಲಿ, 3.3ನೆಯ ಆವೃತ್ತಿಯೊಡನೆ ಬಂದಿತು. ಅದಕ್ಕೆ ಮೊದಲು ‘ಡೆಲ್ ಅಳತೆಗಳು[:]’ ಎಂದು ಬರೆಯುತ್ತಿದ್ದರು. ಹಳೆಯ ಕ್ರಮವಿಧಿಗಳಲ್ಲಿ ಅದು ಈಗಲೂ ಕಾಣಸಿಗುತ್ತದೆ, ಈಗಲೂ ನಡೆಯುತ್ತದೆ. ಮೊದಲ ನೂರನ್ನು ಮಾತ್ರ ತೆಗೆಯಬೇಕಾದರೆ ‘ಡೆಲ್ ಅಳತೆಗಳು[:100]’ ಎನ್ನಬಹುದು. ಆಗ ಉಳಿದವು ನೂರು ಸಲ ಸರಿಯುವುದಿಲ್ಲ, ಒಂದೇ ಸಲ ನೂರು ಗೂಡುಗಳಷ್ಟು ಸರಿಯುತ್ತವೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಪೈಥಾನಿನ ‘ಟೈಮ್’ ಭಂಡಾರದಲ್ಲಿ ‘ಪರ್ಫ್_ಕೌಂಟರ್’ ಎಂಬ ಸೂಕ್ಷ್ಮ ಗಡಿಯಾರವಿದೆ. ಕೆಲಸದ ಮೊದಲೂ ಅನಂತರವೂ ಅದನ್ನು ನೋಡಿ ಕಳೆದರೆ ಹಿಡಿದ ಕಾಲ ಸಿಕ್ಕುತ್ತದೆ. ಐವತ್ತು ಸಾವಿರ, ಒಂದು ಲಕ್ಷ, ಎರಡು ಲಕ್ಷ ಅಳತೆಗಳ ಪಟ್ಟಿಗಳನ್ನು ಎರಡೂ ಬಗೆಯಿಂದ ಖಾಲಿ ಮಾಡಿ ರೇಖಾಚಿತ್ರವನ್ನು ಬರೆಯಿರಿ. ಬಾಲದಿಂದ ತೆಗೆದದ್ದು ಸರಿಸುಮಾರು ಸರಳರೇಖೆಯಾಗುತ್ತದೆ. ತಲೆಯಿಂದ ತೆಗೆದದ್ದು ಮೇಲಕ್ಕೆ ಬಾಗುತ್ತದೆ. ಪಟ್ಟಿ ಇಮ್ಮಡಿಯಾದರೆ ಕಾಲ ಸುಮಾರಾಗಿ ನಾಲ್ಮಡಿ. ಮೇಲಿನಿಂದ ಬಿಟ್ಟ ಕಲ್ಲು ಇಮ್ಮಡಿ ಕಾಲದಲ್ಲಿ ನಾಲ್ಮಡಿ ದೂರ ಬೀಳುವುದಿಲ್ಲವೆ? ಅದೇ ಜಾತಿಯ ವಕ್ರರೇಖೆ ಇದು. ಇಪ್ಪತ್ತು ಅಳತೆಗಳ ಪಟ್ಟಿಯಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲವೆಂಬುದನ್ನೂ ಹೇಳಬೇಕು. ನನ್ನ ಲೋಲಕದ ಕ್ರಮವಿಧಿಯಲ್ಲಿ ಇದ್ದದ್ದು ನಿಧಾನದ ದೋಷವಲ್ಲ, ಸುಳ್ಳಿನ ದೋಷ. ಅದು ಇಪ್ಪತ್ತರಲ್ಲಿಯೂ ಕೊಲ್ಲುತ್ತದೆ.

ಪಟ್ಟಿಗೆ ಸೇರಿಸುವಾಗ ಮಾತ್ರ ಪೈಥಾನ್ ಜಾಣತನವನ್ನು ತೋರಿಸುತ್ತದೆ. ಒಂದೊಂದಾಗಿ ಸೇರಿಸುತ್ತ ಹೋದಂತೆ ಅದು ಪ್ರತಿಸಲವೂ ಹೊಸ ಜಾಗವನ್ನು ಹುಡುಕುವುದಿಲ್ಲ; ಮುಂದೆ ಬರುವವರಿಗಾಗಿ ಕೆಲವು ಗೂಡುಗಳನ್ನು ಮೊದಲೇ ಕಾದಿರಿಸುತ್ತದೆ. ಈಗಿನ ಆವೃತ್ತಿಗಳಲ್ಲಿ ಗೂಡುಗಳ ಸಂಖ್ಯೆ 4, 8, 16, 24, 32, 40, 52, 64 ಎಂದು ಬೆಳೆಯುತ್ತದೆ. ಪಟ್ಟಿ ದೊಡ್ಡದಾದಂತೆ ಕಾದಿರಿಸುವ ಭಾಗ ಸುಮಾರು ಎಂಟನೆಯ ಒಂದು ಪಾಲು. ಹಳ್ಳಿಯ ಮದುವೆಯಲ್ಲಿ ಕರೆದವರಿಗಿಂತ ನಾಲ್ಕು ಎಲೆಗಳನ್ನು ಹೆಚ್ಚಾಗಿ ಹಾಕುವ ಪದ್ಧತಿಯಂತೆ.

ಇನ್ನು, ಬರಿದು ಮಾಡುವ ವಿಷಯದಲ್ಲಿ ವೇಗಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಅದನ್ನು ನನಗೆ ಕಲಿಸಿದವಳು ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ. ಲೋಲಕದ ಉದ್ದವನ್ನು ಹನ್ನೆರಡು ಸಲ ಬದಲಾಯಿಸಿ, ಒಂದೊಂದು ಉದ್ದಕ್ಕೂ ಇಪ್ಪತ್ತು ಅಳತೆಗಳನ್ನು ತೆಗೆದಳು. ಒಂದು ಉದ್ದದ ಅಳತೆಗಳು ಮುಗಿದೊಡನೆ ‘ಎಲ್ಲವೂ.ಅಪೆಂಡ್(ಅಳತೆಗಳು)’ ಎಂದು ಅವುಗಳನ್ನು ದೊಡ್ಡ ಪಟ್ಟಿಗೆ ಸೇರಿಸಿ, ಅನಂತರ ‘ಅಳತೆಗಳು.ಕ್ಲಿಯರ್()’ ಎಂದು ಬರಿದು ಮಾಡಿ, ಮುಂದಿನ ಉದ್ದಕ್ಕೆ ಹೋಗುವಂತೆ ಕ್ರಮವಿಧಿಯನ್ನು ಬರೆದಿದ್ದಳು. ಬೆಳಗಿನಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ಕೆಲಸ ನಡೆಯಿತು. ಕೊನೆಗೆ ದೊಡ್ಡ ಪಟ್ಟಿಯನ್ನು ತೆರೆದರೆ ಅದರಲ್ಲಿ ಹನ್ನೆರಡು ಖಾಲಿ ಪಟ್ಟಿಗಳು! ಇನ್ನೂರ ನಲವತ್ತು ಅಳತೆಗಳಲ್ಲಿ ಒಂದೂ ಉಳಿದಿರಲಿಲ್ಲ. ಊಟವನ್ನೂ ಮಾಡದೆ ದುಡಿದಿದ್ದ ಹುಡುಗಿ ತೆರೆಯನ್ನೇ ನೋಡುತ್ತ ನಿಂತಳು. ಪುಸ್ತಕದಲ್ಲಿಯೂ ಬರೆದುಕೊಳ್ಳಬೇಕೆಂದು ನಾನು ಹೇಳಿರಲಿಲ್ಲ, ಈಗ ಹೇಳುತ್ತೇನೆ.

ಏನಾಯಿತೆಂಬುದಕ್ಕೆ ಒಂದು ದೃಷ್ಟಾಂತ. ಒಂದು ಮನೆಯಲ್ಲಿ ಹುಡುಗನೊಬ್ಬನನ್ನು ಪುಟ್ಟ ಎಂದು ಕರೆಯುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವನು ವೆಂಕಟೇಶ. ಹೆಸರು ಎರಡು, ಹುಡುಗ ಒಬ್ಬನೇ. ಹರಕೆ ತೀರಿಸಲು ಪುಟ್ಟನ ತಲೆಯನ್ನು ಬೋಳಿಸಿದರೆ ಮರುದಿನ ಶಾಲೆಯಲ್ಲಿ ವೆಂಕಟೇಶನ ತಲೆಯೂ ಬೋಳಾಗಿಯೇ ಕಾಣುತ್ತದೆ. ಪೈಥಾನಿನಲ್ಲಿ ‘ಅಳತೆಗಳು’ ಎಂಬುದು ಪಟ್ಟಿಯಲ್ಲ, ಪಟ್ಟಿಗೆ ಅಂಟಿಸಿದ ಹೆಸರು. ದೊಡ್ಡ ಪಟ್ಟಿಗೆ ಅವಳು ಹನ್ನೆರಡು ಸಲವೂ ಸೇರಿಸಿದ್ದು ಒಂದೇ ಪಟ್ಟಿಯ ವಿಳಾಸವನ್ನು. ‘ಕ್ಲಿಯರ್’ ಆಜ್ಞೆ ಆ ಪಟ್ಟಿಯ ತಲೆಯನ್ನೇ ಬೋಳಿಸಿತು. ಯಾವ ಹೆಸರಿನಿಂದ ಕರೆದರೇನು?

ಅಲ್ಲಿ ಬರೆಯಬೇಕಾಗಿದ್ದದ್ದು ‘ಅಳತೆಗಳು = []’ ಎಂದು. ನೋಡುವುದಕ್ಕೆ ಎರಡೂ ಒಂದೇ ಎನಿಸುತ್ತದೆ. ಆದರೆ ಇದು ಹಳೆಯ ಪಟ್ಟಿಯನ್ನು ಮುಟ್ಟುವುದಿಲ್ಲ. ಹೊಸದೊಂದು ಖಾಲಿ ಪಟ್ಟಿಯನ್ನು ಸೃಷ್ಟಿಸಿ ಹೆಸರನ್ನು ಅದಕ್ಕೆ ವರ್ಗಾಯಿಸುತ್ತದೆ. ಮನೆಯಲ್ಲಿ ಹೊಸ ಮಗು ಹುಟ್ಟಿ, ಪುಟ್ಟ ಎಂಬ ಹೆಸರು ಅದಕ್ಕೆ ಹೋದ ಹಾಗೆ. ಶಾಲೆಯಲ್ಲಿರುವ ವೆಂಕಟೇಶನ ಕೂದಲು ಕೊಂಕುವುದಿಲ್ಲ. ಅಥವಾ ‘ಎಲ್ಲವೂ.ಅಪೆಂಡ್(ಅಳತೆಗಳು.ಕಾಪಿ())’ ಎಂದು ಪ್ರತಿಯೊಂದನ್ನು ಮಾಡಿ ಸೇರಿಸಿದ್ದರೂ ಆಗುತ್ತಿದ್ದಿತು.

ಹಾಗೆಂದು ‘ಕ್ಲಿಯರ್’ ಅಪಾಯಕಾರಿ ಎಂದು ದೂರವಿಡುವುದು ಸರಿಯಲ್ಲ. ಕ್ರಮವಿಧಿಯ ಒಂದು ಭಾಗ ಅಳತೆಗಳನ್ನು ಸೇರಿಸುತ್ತಿದೆ, ಇನ್ನೊಂದು ಭಾಗ ಅದೇ ಪಟ್ಟಿಯನ್ನು ನೋಡಿ ತೆರೆಯ ಮೇಲೆ ರೇಖಾಚಿತ್ರವನ್ನು ಬಿಡಿಸುತ್ತಿದೆ ಎಂದುಕೊಳ್ಳಿ. ಹೊಸ ಪ್ರಯೋಗಕ್ಕಾಗಿ ಮೊದಲ ಭಾಗದಲ್ಲಿ ‘ಅಳತೆಗಳು = []’ ಎಂದರೆ ಎರಡನೆಯ ಭಾಗಕ್ಕೆ ಆ ಸುದ್ದಿಯೇ ತಲುಪುವುದಿಲ್ಲ; ಅದು ಹಳೆಯ ಪಟ್ಟಿಯ ಚಿತ್ರವನ್ನೇ ತೋರಿಸುತ್ತಿರುತ್ತದೆ. ಅಲ್ಲಿ ಬೇಕಾದದ್ದು ‘ಕ್ಲಿಯರ್’. ಈ ಪಟ್ಟಿಯ ಮೇಲೆ ಇನ್ನಾರ ಕಣ್ಣಿದೆ, ಅವರಿಗೂ ಅದು ಖಾಲಿಯಾಗಿ ಕಾಣಬೇಕೆ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಹೊಳೆಯುತ್ತದೆ. ಮೇಲೆ ಹೇಳಿದ ಅಕ್ಕಿ ಆರಿಸುವ ಸಾಲಿಗೂ ಇದು ಅನ್ವಯಿಸುತ್ತದೆ: ಎಡಗಡೆ ‘ಅಳತೆಗಳು’ ಎಂದಿದ್ದರೆ ಹೊಸ ತಟ್ಟೆ, ‘ಅಳತೆಗಳು[:]’ ಎಂದಿದ್ದರೆ ಆರಿಸಿದ ಅಕ್ಕಿ ಮತ್ತೆ ಹಳೆಯ ತಟ್ಟೆಗೇ ಬರುತ್ತದೆ.

ಹೆಸರನ್ನು ಕಳೆದುಕೊಂಡ ಹಳೆಯ ಪಟ್ಟಿಯ ಗತಿ ಏನು? ಈ ಪ್ರಶ್ನೆಗೆ ಪೈಥಾನಿಗಿಂತ ಹಳೆಯ ಇತಿಹಾಸವಿದೆ. 1950ರ ದಶಕದ ನಡುವಿನಲ್ಲಿ ಅಮೆರಿಕದ ನ್ಯೂವೆಲ್, ಶಾ, ಸೈಮನ್ ಎಂಬ ಮೂವರು ಪಟ್ಟಿಗಳನ್ನೇ ಆಧರಿಸಿದ ಭಾಷೆಯೊಂದನ್ನು ರಚಿಸಿದರು. ಅವರ ಪಟ್ಟಿ ಗೂಡುಗಳ ಸಾಲಲ್ಲ. ಒಂದೊಂದು ಕೊಂಡಿಯೂ ಮುಂದಿನ ಕೊಂಡಿಯ ವಿಳಾಸವನ್ನು ಹೇಳುವ ಸರಪಳಿ. ಅದರಲ್ಲಿ ಬೇಡವಾದ ಪಟ್ಟಿಯನ್ನು ಅಳಿಸುವ ಹೊಣೆ ಕ್ರಮವಿಧಿಯನ್ನು ಬರೆದವನದೇ ಆಗಿದ್ದಿತು. ಇನ್ನೂ ಬೇಕಾಗಿರುವುದನ್ನು ಅಳಿಸಿದರೆ ಅನಾಹುತ, ಬೇಡವಾದುದನ್ನು ಅಳಿಸದಿದ್ದರೆ ಸ್ಮೃತಿ ತುಂಬಿ ಯಂತ್ರ ನಿಲ್ಲುತ್ತಿದ್ದಿತು. 1960ರಲ್ಲಿ ಇದಕ್ಕೆ ಎರಡು ಉಪಾಯಗಳು ಒಂದೇ ಪತ್ರಿಕೆಯಲ್ಲಿ ಪ್ರಕಟವಾದವು. ಲಿಸ್ಪ್ ಭಾಷೆಯ ಕರ್ತೃವಾದ ಜಾನ್ ಮೆಕಾರ್ಥಿ ಅವರು ಹೇಳಿದ ಉಪಾಯ ಹೀಗೆ: ಜಾಗ ಮುಗಿಯುವವರೆಗೂ ಸುಮ್ಮನಿದ್ದು, ಮುಗಿದಾಗ ಬಳಕೆಯಲ್ಲಿರುವ ಎಲ್ಲವನ್ನೂ ಗುರುತು ಮಾಡಿ, ಗುರುತಿಲ್ಲದವನ್ನೆಲ್ಲ ಗುಡಿಸಿಹಾಕುವುದು. ಜಾರ್ಜ್ ಕಾಲಿನ್ಸ್ ಅವರ ಉಪಾಯ ಬೇರೆ: ಒಂದು ಪಟ್ಟಿಯನ್ನು ಎಷ್ಟು ಕಡೆಯಿಂದ ನೆನೆಯುತ್ತಿದ್ದಾರೆ ಎಂಬ ಎಣಿಕೆಯನ್ನು ಇಟ್ಟುಕೊಂಡು, ಅದು ಸೊನ್ನೆಯಾದ ಕೂಡಲೆ ಜಾಗವನ್ನು ಹಿಂದಕ್ಕೆ ಪಡೆಯುವುದು.

ಪೈಥಾನ್ ಮುಖ್ಯವಾಗಿ ಕಾಲಿನ್ಸ್ ಅವರ ಎಣಿಕೆಯನ್ನು ಅನುಸರಿಸುತ್ತದೆ. ‘ಅಳತೆಗಳು = []’ ಎಂದೊಡನೆ ಹಳೆಯ ಪಟ್ಟಿಯ ಎಣಿಕೆ ಒಂದು ಕಡಮೆಯಾಗುತ್ತದೆ. ಬೇರೆ ಯಾರೂ ಅದನ್ನು ಹಿಡಿದಿಲ್ಲದಿದ್ದರೆ ಅದು ಆಗಲೇ ಅಳಿಯುತ್ತದೆ. ದೊಡ್ಡ ಪಟ್ಟಿ ಹಿಡಿದುಕೊಂಡಿದ್ದರೆ ಉಳಿಯುತ್ತದೆ. ಈ ಎಣಿಕೆಗೆ ಒಂದು ಕೊರತೆ ಇದೆ. ಎರಡು ಪಟ್ಟಿಗಳು ಒಂದರೊಳಗೊಂದು ಪರಸ್ಪರ ವಿಳಾಸವನ್ನು ಇಟ್ಟುಕೊಂಡಿದ್ದರೆ, ಹೊರಗಿನವರೆಲ್ಲ ಮರೆತರೂ ಅವುಗಳ ಎಣಿಕೆ ಸೊನ್ನೆಗೆ ಇಳಿಯುವುದೇ ಇಲ್ಲ. ಅಂಥವುಗಳನ್ನು ಹುಡುಕಿ ಗುಡಿಸುವ ಜಾಡಮಾಲಿಯೊಬ್ಬನನ್ನು ಎರಡನೆಯ ಆವೃತ್ತಿಯಿಂದ ಪೈಥಾನ್ ಪ್ರತ್ಯೇಕವಾಗಿ ನೇಮಿಸಿಕೊಂಡಿದೆ. ‘ಕ್ಲಿಯರ್’ ಕೂಡ ಒಳಗಿನ ಪ್ರತಿಯೊಂದು ವಸ್ತುವಿನ ಎಣಿಕೆಯನ್ನೂ ಒಂದೊಂದಾಗಿ ಇಳಿಸಲೇಬೇಕಾದ್ದರಿಂದ ದೊಡ್ಡ ಪಟ್ಟಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಆದರೆ ಆ ಹೆಚ್ಚಳ ಸರಳರೇಖೆಯದು.

ನಿಜವಾಗಿಯೂ ತಲೆಯಿಂದಲೇ ತೆಗೆಯಬೇಕಾದ ಸಂದರ್ಭಗಳೂ ಉಂಟು. ಮೊದಲು ಬಂದ ಅಳತೆಯನ್ನು ಮೊದಲು ಸಂಸ್ಕರಿಸಿ ಬಿಡಬೇಕು, ಬಾಲದಲ್ಲಿ ಹೊಸವು ಸೇರುತ್ತಲೇ ಇರಬೇಕು. ಇದಕ್ಕೆ ಪಟ್ಟಿ ತಕ್ಕ ಪಾತ್ರೆಯಲ್ಲ. ‘ಕಲೆಕ್ಷನ್ಸ್’ ಎಂಬ ಭಂಡಾರದಲ್ಲಿ ‘ಡೆಕ್’ ಎಂಬ ಇನ್ನೊಂದು ರಚನೆ ಇದೆ. ಅದು ಅರವತ್ತನಾಲ್ಕು ಗೂಡುಗಳ ಪೆಟ್ಟಿಗೆಗಳನ್ನು ರೈಲುಗಾಡಿಯಂತೆ ಹಿಂದೆ ಮುಂದೆ ಕೊಂಡಿ ಹಾಕಿ ಜೋಡಿಸಿದ್ದು. ಎರಡೂ ತುದಿಗಳಲ್ಲಿ ಸೇರಿಸುವುದೂ ತೆಗೆಯುವುದೂ ಸುಲಭ. ‘ಪಾಪ್‌ಲೆಫ್ಟ್()’ ಎಂದರೆ ಮೊದಲನೆಯದು ಹೊರಬರುತ್ತದೆ, ಉಳಿದವು ಕದಲುವುದಿಲ್ಲ. ನಡುವಿನ ಐನೂರನೆಯದನ್ನು ಕೇಳಿದರೆ ಮಾತ್ರ ತುದಿಯಿಂದ ಪೆಟ್ಟಿಗೆಗಳನ್ನು ದಾಟಿಕೊಂಡು ಹೋಗಬೇಕು. ಅದಕ್ಕೆ ‘ಮ್ಯಾಕ್ಸ್‌ಲೆನ್’ 60 ಎಂದು ಮಿತಿಯನ್ನು ಹಾಕಿದರೆ, ಅರವತ್ತೊಂದನೆಯದು ಬಂದಾಗ ಮೊದಲನೆಯದು ತಾನಾಗಿ ಉದುರುತ್ತದೆ. ಸೆಕೆಂಡಿಗೊಂದರಂತೆ ಬರುವ ಉಷ್ಣತೆಯ ಕಳೆದ ಒಂದು ನಿಮಿಷದ ಸರಾಸರಿಯನ್ನು ಸದಾ ತೋರಿಸುವುದಕ್ಕೆ ಇದಕ್ಕಿಂತ ಅನುಕೂಲವಾದುದಿಲ್ಲ; ಬರಿದು ಮಾಡುವ ಚಿಂತೆಯೇ ಇಲ್ಲ.

ಹುಡುಗಿ ಮರುದಿನ ಬೆಳಗ್ಗೆ ಎಂಟು ಗಂಟೆಗೇ ಬಂದು ಇನ್ನೂರ ನಲವತ್ತು ಅಳತೆಗಳನ್ನೂ ಮತ್ತೆ ತೆಗೆದಳು. ಈ ಸಲ ಪುಸ್ತಕವೂ ಪಕ್ಕದಲ್ಲಿದ್ದಿತು. ಲೋಲಕದ ಹುಡುಗನನ್ನು ನಾನೇ ತರಗತಿಯಿಂದ ಕರೆಸಿ, ತಿದ್ದಿದ ಕ್ರಮವಿಧಿಯಿಂದ ಬಂದ 9.77ನ್ನು ತೋರಿಸಿ, ಮೂರು ಸಾಲುಗಳ ತಪ್ಪನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದೆನು. ಅವನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಜೋಡಿ ಸೊನ್ನೆ ಬಂದಿದ್ದ ಉಳಿದವರ ಲೆಕ್ಕ, ಸಾರ್?” ಎಂದು ಕೇಳಿದನು. ಆ ವರ್ಷದ ಎಲ್ಲ ದಾಖಲೆಗಳನ್ನೂ ಕುಳಿತು ಮತ್ತೆ ಲೆಕ್ಕ ಹಾಕಿದೆವು. ಇನ್ನು ಮೂವರ ಉತ್ತರಗಳು ಬದಲಾದವು.